ಕಾರಾಪುರದ ಸಾಬು: ಮೈಸೂರಿನ ಆನೆ ಲಾಯದಿಂದ ಹಾಲಿವುಡ್‌ವರೆಗೆ

ಹಾಲಿವುಡ್ ಚಿತ್ರಗಳಲ್ಲಿ ನಾಯಕನ ಸಾಲಿನಲ್ಲಿ ಹೆಸರು ಹಾಕಿಸಿಕೊಂಡ ಮೊದಲ ಭಾರತೀಯ ನಟ ಮುಂಬೈಯವರೂ ಅಲ್ಲ, ಕೋಲ್ಕತ್ತದವರೂ ಅಲ್ಲ. ಅವರು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ ಸಾಬು. ಹನ್ನೊಂದನೆಯ ವಯಸ್ಸಿನಲ್ಲಿ ಮೈಸೂರು ಅರಮನೆಯ ಆನೆ ಲಾಯದಲ್ಲಿದ್ದ ಈ ಬಾಲಕ ಹದಿನೈದರ ಹೊತ್ತಿಗೆ ಲಂಡನ್ನಿನಲ್ಲಿ ತಾರೆಯಾಗಿದ್ದರು, ಹದಿನೆಂಟರ ಹೊತ್ತಿಗೆ ಹಾಲಿವುಡ್‌ನಲ್ಲಿ ಮನೆಮಾತಾಗಿದ್ದರು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನಗಳಲ್ಲಿ ಹೋರಾಡಿ ಶೌರ್ಯ ಪದಕ ಪಡೆದರು. 39ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಅವರು ಒಂದೇ ಒಂದು ಭಾರತೀಯ ಚಿತ್ರದಲ್ಲಿಯೂ ನಟಿಸಿರಲಿಲ್ಲ. ಅವರ ವೃತ್ತಿಜೀವನದ ಏರಿಳಿತವು ಆ ಕಾಲದ ಪಾಶ್ಚಾತ್ಯ ಚಿತ್ರರಂಗ ಭಾರತೀಯ ನಟನೊಬ್ಬನಿಗೆ ಎಷ್ಟು ಜಾಗ ಕೊಡುತ್ತಿತ್ತು ಎಂಬುದಕ್ಕೆ ಉತ್ತಮ ನಿದರ್ಶನವಾಗಿದೆ.

ಆನೆ ಲಾಯದ ಬಾಲಕ

ಸಾಬು ಜನಿಸಿದ್ದು 1924ರ ಜನವರಿ 27ರಂದು. ಕಾರಾಪುರವು ಕಬಿನಿ ನದಿಯ ದಂಡೆಯ ಊರು. ಅದರ ಸುತ್ತಲಿನ ಕಾಕನಕೋಟೆ ಅರಣ್ಯ ಮೈಸೂರು ಅರಸರ ಖೆಡ್ಡಾ ಕಾರ್ಯಾಚರಣೆಗಳಿಗೆ ಪ್ರಸಿದ್ಧವಾಗಿತ್ತು. ಕಾಡಾನೆಗಳ ಹಿಂಡನ್ನು ತಮಟೆ, ಪಂಜು, ಕೂಗಾಟಗಳಿಂದ ಬೆದರಿಸಿ, ಕುಮ್ಕಿ ಆನೆಗಳ ಸಹಾಯದಿಂದ ನದಿ ದಾಟಿಸಿ, ಮರದ ದಿಮ್ಮಿಗಳ ಆವರಣದೊಳಗೆ ನೂಕಿ ಸೆರೆಹಿಡಿಯುವುದೇ ಖೆಡ್ಡಾ. ಈ ಕೆಲಸಕ್ಕೆ ಬೇಕಾದ ಮಾವುತರು ಹಾಗೂ ಕಾವಾಡಿಗಳ ಕುಟುಂಬಗಳು ಕಾಡಂಚಿನ ಊರುಗಳಲ್ಲಿ ತಲೆಮಾರುಗಳಿಂದ ನೆಲೆಸಿದ್ದವು. ಸಾಬು ಅವರ ತಂದೆ ಮಹಾರಾಜರ ಸೇವೆಯಲ್ಲಿದ್ದ ಮಾವುತರು.

ಚಿಕ್ಕ ವಯಸ್ಸಿನಲ್ಲಿಯೇ ತಂದೆ ತಾಯಿಯನ್ನು ಕಳೆದುಕೊಂಡ ಬಾಲಕ ಅರಮನೆಯ ಆನೆ ಲಾಯದ ಆಶ್ರಯದಲ್ಲಿ ಬೆಳೆದ. ಆಸರೆಯಾಗಿದ್ದವರು ಅಣ್ಣ ಶೇಖ್ ದಸ್ತಗೀರ್. ಇಂದು ಹಲವು ಕಡೆ ನಟನ ಹೆಸರನ್ನು ‘ಸಾಬು ದಸ್ತಗೀರ್’ ಎಂದು ಬರೆಯಲಾಗುತ್ತದೆ. ಆದರೆ ತೆರೆಯ ಮೇಲೆ ಅವರು ಬಳಸಿದ್ದು ‘ಸಾಬು’ ಎಂಬ ಎರಡಕ್ಷರದ ಹೆಸರನ್ನಷ್ಟೇ.

‘ಎಲಿಫೆಂಟ್ ಬಾಯ್’

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡದ್ದು 1934ರಲ್ಲಿ. ಅದರ ಮರುವರ್ಷ ಅಮೆರಿಕದ ಸಾಕ್ಷ್ಯಚಿತ್ರ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದಿಳಿದರು. ‘ನಾನೂಕ್ ಆಫ್ ದಿ ನಾರ್ತ್’ (1922) ಚಿತ್ರದಿಂದ ಜಗತ್ಪ್ರಸಿದ್ಧರಾಗಿದ್ದ ಫ್ಲಾಹರ್ಟಿ ಅವರನ್ನು ಕಳುಹಿಸಿದ್ದು ಲಂಡನ್ನಿನ ನಿರ್ಮಾಪಕ ಅಲೆಗ್ಸಾಂಡರ್ ಕೊರ್ಡಾ. ರಡ್ಯಾರ್ಡ್ ಕಿಪ್ಲಿಂಗ್ ಬರೆದ ‘ತೂಮಾಯ್ ಆಫ್ ದಿ ಎಲಿಫೆಂಟ್ಸ್’ ಕಥೆಯನ್ನು ತೆರೆಗೆ ತರುವುದು ಯೋಜನೆಯಾಗಿತ್ತು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ತಂಡದ ವಾಸ್ತವ್ಯಕ್ಕೆ ಚಿತ್ತರಂಜನ ಮಹಲನ್ನು ಬಿಟ್ಟುಕೊಟ್ಟರು. ಅರಮನೆಯ ಆನೆಗಳೂ ಮಾವುತರೂ ಚಿತ್ರೀಕರಣಕ್ಕೆ ದೊರೆತರು.

ಕಥೆಯ ನಾಯಕ ತೂಮಾಯ್ ಒಬ್ಬ ಮಾವುತನ ಮಗ. ಆ ಪಾತ್ರಕ್ಕಾಗಿ ಬಾಲಕರ ಹುಡುಕಾಟ ನಡೆದಾಗ ಛಾಯಾಗ್ರಾಹಕ ಆಸ್ಮಂಡ್ ಬೊರಡೈಲ್ ಅವರ ಗಮನಕ್ಕೆ ಬಿದ್ದವನು ಆನೆ ಲಾಯದ ಸಾಬು. ದೊಡ್ಡ ಆನೆಯನ್ನು ನಿರ್ಭಯವಾಗಿ ಏರಿ ನಡೆಸಬಲ್ಲ, ಕ್ಯಾಮೆರಾದ ಎದುರು ಹಿಂಜರಿಯದ ಹುಡುಗ ಅವನಾಗಿದ್ದ. ಚಿತ್ರದಲ್ಲಿ ‘ಕಾಲಾ ನಾಗ್’ ಆಗಿ ಕಾಣಿಸಿಕೊಂಡದ್ದು ಅರಮನೆಯ ಐರಾವತ. ಚಿತ್ರದ ತೂಮಾಯ್ ಕೂಡ ತಂದೆಯನ್ನು ಕಳೆದುಕೊಂಡು ಆನೆಯೊಂದನ್ನೇ ನಂಬಿ ನಿಲ್ಲುವ ಬಾಲಕ. ಆ ಪಾತ್ರಕ್ಕಾಗಿ ಸಾಬು ಹೊಸದಾಗಿ ಕಲಿಯಬೇಕಾದದ್ದು ಹೆಚ್ಚೇನೂ ಇರಲಿಲ್ಲ.

ಫ್ಲಾಹರ್ಟಿ ಮೈಸೂರಿನಲ್ಲಿ ತಿಂಗಳುಗಟ್ಟಲೆ ಚಿತ್ರೀಕರಿಸಿದರು. ಕಾಡು, ಮಳೆ, ಆನೆಗಳ ದೃಶ್ಯಗಳು ಅಪಾರವಾಗಿ ಸಂಗ್ರಹವಾದರೂ ಕಥೆ ಮುಂದೆ ಸಾಗಲಿಲ್ಲ. ಕೊರ್ಡಾ ತಮ್ಮ ಸಹೋದರ ಜೋಲ್ಟಾನ್ ಕೊರ್ಡಾ ಅವರಿಗೆ ಚಿತ್ರವನ್ನು ಪೂರ್ಣಗೊಳಿಸುವ ಹೊಣೆ ವಹಿಸಿದರು. ಉಳಿದ ದೃಶ್ಯಗಳನ್ನು ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ತೆಗೆಯಲು ನಿರ್ಧಾರವಾಯಿತು. ಹೀಗೆ ಸಾಬು ಅಣ್ಣನೊಂದಿಗೆ ಇಂಗ್ಲೆಂಡಿಗೆ ಹಡಗು ಹತ್ತಿದರು.

1937ರಲ್ಲಿ ಬಿಡುಗಡೆಯಾದ ‘ಎಲಿಫೆಂಟ್ ಬಾಯ್’ ಅದೇ ವರ್ಷದ ವೆನಿಸ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಿರ್ದೇಶನದ ಪ್ರಶಸ್ತಿ ಗಳಿಸಿತು. ಸ್ಟುಡಿಯೋದಲ್ಲಿ ತೆಗೆದ ಭಾಗಗಳು ಇಂದು ಕೃತಕವಾಗಿ ಕಾಣುತ್ತವೆ. ಮೈಸೂರಿನಲ್ಲಿ ತೆಗೆದ ಭಾಗಗಳ ಬೆಲೆ ಮಾತ್ರ ಕಾಲ ಕಳೆದಂತೆ ಹೆಚ್ಚಿದೆ. 1930ರ ದಶಕದ ಮೈಸೂರು ಸೀಮೆಯ ಆನೆಗಳು, ಮಾವುತರು, ಖೆಡ್ಡಾ ಮತ್ತು ಕಾಡು ಅದರಲ್ಲಿ ದಾಖಲಾಗಿವೆ. ಕಾಕನಕೋಟೆಯ ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಕೆಲವೇ ವರ್ಷಗಳಲ್ಲಿ ಕಬಿನಿ ಅಣೆಕಟ್ಟೆಯ ಹಿನ್ನೀರು ಆ ಕಾಡಿನ ದೊಡ್ಡ ಭಾಗವನ್ನು ಆವರಿಸಿತು.

ಲಂಡನ್ನಿನ ತಾರೆ

ಕೊರ್ಡಾ ಸಂಸ್ಥೆ ಸಾಬು ಅವರನ್ನು ಬಿಟ್ಟುಕೊಡಲಿಲ್ಲ. ಬಾಲಕ ಇಂಗ್ಲಿಷ್ ಕಲಿತ. ಅವನಿಗಾಗಿಯೇ ಪಾತ್ರಗಳು ಸಿದ್ಧವಾದವು. 1938ರ ‘ದಿ ಡ್ರಮ್’ ಚಿತ್ರದಲ್ಲಿ ವಾಯವ್ಯ ಗಡಿನಾಡಿನ ರಾಜಕುಮಾರ ಆಜಿಮ್ ಪಾತ್ರ ಅವರದಾಯಿತು. ಬ್ರಿಟಿಷ್ ಪಡೆಯ ಮೇಲೆ ನಡೆಯಲಿದ್ದ ಸಂಚನ್ನು ನಗಾರಿ ಬಾರಿಸಿ ಎಚ್ಚರಿಸುವ, ಸಾಮ್ರಾಜ್ಯಕ್ಕೆ ನಿಷ್ಠನಾದ ಹುಡುಗನ ಪಾತ್ರವದು. ಇಂಗ್ಲೆಂಡಿನಲ್ಲಿ ಚಿತ್ರ ಯಶಸ್ವಿಯಾಯಿತು. ಸ್ವಾತಂತ್ರ್ಯ ಹೋರಾಟ ತೀವ್ರವಾಗಿದ್ದ ಭಾರತದಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. ಮುಂಬೈ ಮತ್ತು ಮದ್ರಾಸಿನಲ್ಲಿ ಪ್ರತಿಭಟನೆಗಳು ನಡೆದು ಚಿತ್ರದ ಪ್ರದರ್ಶನವನ್ನು ನಿಲ್ಲಿಸಬೇಕಾಯಿತು. ಹದಿನಾಲ್ಕು ವರ್ಷದ ಬಾಲಕನಿಗೆ ಪಾತ್ರದ ಆಯ್ಕೆಯಲ್ಲಿ ಯಾವ ಅಧಿಕಾರವೂ ಇರಲಿಲ್ಲ. ಆದರೂ ಸ್ವದೇಶದ ಪ್ರೇಕ್ಷಕರಿಗೂ ಅವರಿಗೂ ನಡುವೆ ಅಂತರ ಬೆಳೆಯಲು ಈ ಚಿತ್ರ ಒಂದು ಕಾರಣವಾಯಿತು.

ಅದೇ ಕೊರ್ಡಾ ಸಂಸ್ಥೆಯ ಇನ್ನೊಬ್ಬ ತಾರೆಯನ್ನು ಇಲ್ಲಿ ಹೋಲಿಸಿ ನೋಡಬಹುದು. ಮುಂಬೈಯಲ್ಲಿ ಹುಟ್ಟಿದ ಮರ್ಲ್ ಒಬೆರಾನ್ ತಮ್ಮ ಭಾರತೀಯ ಮೂಲವನ್ನು ಮುಚ್ಚಿಟ್ಟು, ತಾವು ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಹುಟ್ಟಿದವರೆಂದು ಹೇಳಿಕೊಂಡರು. 1939ರಲ್ಲಿ ಅವರು ಅಲೆಗ್ಸಾಂಡರ್ ಕೊರ್ಡಾ ಅವರನ್ನೇ ವಿವಾಹವಾದರು. ಮೂಲವನ್ನು ಮರೆಮಾಚಿದ ಒಬೆರಾನ್‌ಗೆ ಪ್ರಣಯ ಚಿತ್ರಗಳ ನಾಯಕಿಯ ಪಾತ್ರಗಳು ದೊರೆತವು. ಸಾಬು ಅವರಿಗೆ ಹಾಗೆ ಮರೆಮಾಚುವ ದಾರಿಯಿರಲಿಲ್ಲ. ಅವರ ಪ್ರಚಾರವೆಲ್ಲ ನಿಂತಿದ್ದುದೇ ‘ಭಾರತದ ಕಾಡಿನಿಂದ ಬಂದ ಹುಡುಗ’ ಎಂಬುದರ ಮೇಲೆ.

ಹಾಲಿವುಡ್‌ನಲ್ಲಿ

ಸಾಬು ಅವರ ಅತಿ ಜನಪ್ರಿಯ ಚಿತ್ರ ‘ದಿ ಥೀಫ್ ಆಫ್ ಬಾಗ್ದಾದ್’ (1940). ಇಂಗ್ಲೆಂಡಿನಲ್ಲಿ ಆರಂಭವಾದ ಚಿತ್ರೀಕರಣ ಯುದ್ಧ ಘೋಷಣೆಯಿಂದಾಗಿ ಅಲ್ಲಿ ಮುಗಿಯಲಿಲ್ಲ. ಕೊರ್ಡಾ ಚಿತ್ರವನ್ನು ಅಮೆರಿಕಕ್ಕೆ ಒಯ್ದು ಪೂರ್ಣಗೊಳಿಸಿದರು. ಹಾರುವ ಜಮಖಾನೆ, ಸೀಸೆಯಿಂದ ಹೊರಬರುವ ದೈತ್ಯ ಜಿನ್ನಿ ಮುಂತಾದ ತಂತ್ರದೃಶ್ಯಗಳಿಂದ ಪ್ರೇಕ್ಷಕರನ್ನು ಬೆರಗುಗೊಳಿಸಿದ ಈ ವರ್ಣಚಿತ್ರ ಛಾಯಾಗ್ರಹಣ, ಕಲಾ ನಿರ್ದೇಶನ ಮತ್ತು ವಿಶೇಷ ಪರಿಣಾಮಗಳಿಗಾಗಿ ಮೂರು ಆಸ್ಕರ್ ಪ್ರಶಸ್ತಿಗಳನ್ನು ಪಡೆಯಿತು. ಶೀರ್ಷಿಕೆಯಲ್ಲಿರುವ ಕಳ್ಳ ಅಬು ಆಗಿ ಸಾಬು ಚಿತ್ರದುದ್ದಕ್ಕೂ ಆವರಿಸಿಕೊಂಡಿದ್ದಾರೆ.

1942ರಲ್ಲಿ ಜೋಲ್ಟಾನ್ ಕೊರ್ಡಾ ನಿರ್ದೇಶನದ ‘ಜಂಗಲ್ ಬುಕ್’ ತೆರೆಕಂಡಿತು. ಅದರಲ್ಲಿ ಸಾಬು ಮೋಗ್ಲಿ. ಕ್ಯಾಲಿಫೋರ್ನಿಯಾದಲ್ಲಿ ಕೃತಕ ಕಾಡು ನಿರ್ಮಿಸಿ ತೆಗೆದ ಈ ಚಿತ್ರ ನಾಲ್ಕು ಆಸ್ಕರ್ ನಾಮನಿರ್ದೇಶನಗಳನ್ನು ಪಡೆಯಿತು. ಮಿಕ್ಲೋಶ್ ರೋಜಾ ಅವರ ಹಿನ್ನೆಲೆ ಸಂಗೀತ ಸಾಬು ಅವರ ನಿರೂಪಣೆಯೊಂದಿಗೆ ಗ್ರಾಮಫೋನ್ ತಟ್ಟೆಗಳಾಗಿಯೂ ಹೊರಬಂದಿತು. ಚಿತ್ರವೊಂದರ ಹಿನ್ನೆಲೆ ಸಂಗೀತ ಹೀಗೆ ಮಾರಾಟಕ್ಕೆ ಬಂದದ್ದು ಅಮೆರಿಕದಲ್ಲಿ ಆಗ ಹೊಸ ಸಂಗತಿ.

ಬಳಿಕ ಅವರು ಯೂನಿವರ್ಸಲ್ ಸ್ಟುಡಿಯೋದ ಚಿತ್ರಗಳಲ್ಲಿ ನಟಿಸಿದರು. ‘ಅರೇಬಿಯನ್ ನೈಟ್ಸ್’ (1942), ‘ವೈಟ್ ಸ್ಯಾವೇಜ್’ (1943) ಮತ್ತು ‘ಕೋಬ್ರಾ ವುಮನ್’ (1944) ಈ ಮೂರರಲ್ಲೂ ನಾಯಕಿ ಮರಿಯಾ ಮಾಂಟೆಜ್, ನಾಯಕ ಜಾನ್ ಹಾಲ್. ಸಾಬು ನಾಯಕನ ಗೆಳೆಯ ಅಥವಾ ಸಹಾಯಕ. ಈ ವಿಂಗಡಣೆ ಆಕಸ್ಮಿಕವಾಗಿರಲಿಲ್ಲ. ‘ದಿ ಥೀಫ್ ಆಫ್ ಬಾಗ್ದಾದ್’ ಚಿತ್ರದಲ್ಲಿಯೂ ಸಾಹಸವೆಲ್ಲ ಅಬುವಿನದು, ರಾಜಕುಮಾರಿ ದೊರೆಯುವುದು ಜಾನ್ ಜಸ್ಟಿನ್ ನಟಿಸಿದ ಅಹ್ಮದನಿಗೆ. ಬಿಳಿಯರು ಮತ್ತು ಕರಿಯರ ನಡುವಿನ ಪ್ರಣಯವನ್ನು ತೋರಿಸಬಾರದೆಂಬ ನಿಯಮ ಆಗಿನ ಹಾಲಿವುಡ್ ಸೆನ್ಸಾರ್ ಸಂಹಿತೆಯಲ್ಲಿಯೇ ಇತ್ತು. ಅಂಥ ವಾತಾವರಣದಲ್ಲಿ ಏಷ್ಯಾದ ನಟರಿಗೂ ಪ್ರಣಯ ನಾಯಕನ ಸ್ಥಾನ ದೊರೆಯುವುದು ದುರ್ಲಭವಾಗಿತ್ತು. ಬಾಲಕನಾಗಿದ್ದಾಗ ಈ ಮಿತಿ ಸಾಬು ಅವರನ್ನು ಬಾಧಿಸಲಿಲ್ಲ. ಇಪ್ಪತ್ತು ದಾಟಿದ ಮೇಲೆ ಅದು ಎದ್ದು ಕಾಣತೊಡಗಿತು.

ಪೌರತ್ವ ಮತ್ತು ಯುದ್ಧ

1944ರ ಜನವರಿಯಲ್ಲಿ ಸಾಬು ಅಮೆರಿಕದ ಪೌರರಾದರು. ಇದರ ಮಹತ್ವ ತಿಳಿಯಲು ಆಗಿನ ಕಾನೂನನ್ನು ನೆನೆಯಬೇಕು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಭಾರತೀಯರು ‘ಬಿಳಿಯರು’ ಎಂಬ ವ್ಯಾಖ್ಯೆಯಲ್ಲಿ ಬರುವುದಿಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ತೀರ್ಪು ನೀಡಿತ್ತು. ಭಾರತೀಯರಿಗೆ ಸಾಮಾನ್ಯವಾಗಿ ಪೌರತ್ವದ ಬಾಗಿಲು ತೆರೆದದ್ದು 1946ರ ಲೂಸ್-ಸೆಲ್ಲರ್ ಕಾಯಿದೆಯಿಂದ. ವರ್ಷಕ್ಕೆ ಕೇವಲ 100 ಮಂದಿ ಭಾರತೀಯರಿಗೆ ವಲಸೆ ಬರಲು ಆ ಕಾಯಿದೆ ಅವಕಾಶ ನೀಡಿತು. ಅದಕ್ಕೂ ಎರಡು ವರ್ಷ ಮೊದಲೇ ಕಾರಾಪುರದ ಮಾವುತನ ಮಗ ಅಮೆರಿಕದ ಪೌರರಾಗಿದ್ದರು.

ಅದೇ ಕಾಲದಲ್ಲಿ ಅವರು ಅಮೆರಿಕದ ಸೇನಾ ವಾಯುಪಡೆಯನ್ನು ಸೇರಿದರು. ಚಿತ್ರತಾರೆಯರಲ್ಲಿ ಹಲವರು ಸೈನಿಕರ ಮನರಂಜನೆ, ಯುದ್ಧನಿಧಿ ಸಂಗ್ರಹದಂಥ ಕೆಲಸಗಳಿಗೆ ಸೀಮಿತರಾಗಿದ್ದ ದಿನಗಳವು. ಸಾಬು ಬಿ-24 ಲಿಬರೇಟರ್ ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿ ಪೆಸಿಫಿಕ್ ರಣರಂಗಕ್ಕೆ ತೆರಳಿದರು. ವಿಮಾನದ ಬಾಲದ ತುದಿಯ ಇಕ್ಕಟ್ಟಾದ ಗೂಡಿನಲ್ಲಿ ಕುಳಿತು ಹಿಂದಿನಿಂದ ಎರಗುವ ಶತ್ರು ವಿಮಾನಗಳನ್ನು ಎದುರಿಸುವುದು ಅವರ ಕರ್ತವ್ಯ. ಹಲವು ಡಜನ್ ಹಾರಾಟಗಳಲ್ಲಿ ತೋರಿದ ಧೈರ್ಯಕ್ಕಾಗಿ ಅವರಿಗೆ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ದೊರೆಯಿತು. ಲಿಬರೇಟರ್ ವಿಮಾನ ಬೆಂಗಳೂರಿಗೂ ಅಪರಿಚಿತವಲ್ಲ. ಯುದ್ಧಾನಂತರ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಇದೇ ಮಾದರಿಯ ವಿಮಾನಗಳನ್ನು ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ದುರಸ್ತಿಗೊಳಿಸಿ ಭಾರತೀಯ ವಾಯುಪಡೆಗೆ ಒಪ್ಪಿಸಿತ್ತು.

ಯುದ್ಧಾನಂತರದ ಚಿತ್ರಗಳು

ಸೇನೆಯಿಂದ ಮರಳಿದ ಸಾಬು ಅವರಿಗೆ ದೊರೆತ ಅತ್ಯುತ್ತಮ ಪಾತ್ರ ‘ಬ್ಲ್ಯಾಕ್ ನಾರ್ಸಿಸಸ್’ (1947) ಚಿತ್ರದ್ದು. ರೂಮರ್ ಗಾಡನ್ ಅವರ ಕಾದಂಬರಿಯನ್ನು ಆಧರಿಸಿ ಮೈಕೇಲ್ ಪೊವೆಲ್ ಹಾಗೂ ಎಮೆರಿಕ್ ಪ್ರೆಸ್‌ಬರ್ಗರ್ ನಿರ್ಮಿಸಿದ ಈ ಚಿತ್ರದ ಕಥೆ ಹಿಮಾಲಯದ ಎತ್ತರದಲ್ಲಿರುವ ಕ್ರೈಸ್ತ ಸನ್ಯಾಸಿನಿಯರ ಮಠದ್ದು. ಚಿತ್ರೀಕರಣ ನಡೆದದ್ದು ಮಾತ್ರ ಇಂಗ್ಲೆಂಡಿನಲ್ಲಿ. ಹಿಮಶಿಖರಗಳೆಲ್ಲ ಬಣ್ಣದ ಪರದೆಗಳು. ಛಾಯಾಗ್ರಹಣ ಮತ್ತು ಕಲಾ ನಿರ್ದೇಶನಕ್ಕೆ ಆಸ್ಕರ್ ಪ್ರಶಸ್ತಿ ಪಡೆದ ಈ ಚಿತ್ರದಲ್ಲಿ ಸಾಬು ಯುವ ರಾಜವಂಶಸ್ಥನಾಗಿ ಕಾಣಿಸಿಕೊಂಡರು. ಚಿತ್ರದ ಹೆಸರು ಬಂದದ್ದು ಆ ಪಾತ್ರ ಪೂಸಿಕೊಳ್ಳುವ ಸುಗಂಧದ್ರವ್ಯದಿಂದ. ಅವನು ಪ್ರೀತಿಸುವ ಪಹಾಡಿ ಹುಡುಗಿಯಾಗಿ, ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ನಟಿಸಿದವರು ಇಂಗ್ಲಿಷ್ ನಟಿ ಜೀನ್ ಸಿಮನ್ಸ್. ಅಂಗಿಯಿಲ್ಲದ ಕಾಡು ಹುಡುಗನ ವೇಷ ಕಳಚಿ, ಜರತಾರಿ ಉಡುಪಿನಲ್ಲಿ ಹಾಸ್ಯ ಮತ್ತು ಮುಗ್ಧ ಅಹಂಕಾರಗಳನ್ನು ಬೆರೆಸಿ ಅಭಿನಯಿಸಿದ ಸಾಬು, ಅವಕಾಶ ಸಿಕ್ಕರೆ ತಾವೇನು ಮಾಡಬಲ್ಲರೆಂಬುದನ್ನು ಇಲ್ಲಿ ತೋರಿಸಿದರು.

ಆದರೆ ಅಂಥ ಅವಕಾಶ ಮತ್ತೆ ಬರಲಿಲ್ಲ. ‘ದಿ ಎಂಡ್ ಆಫ್ ದಿ ರಿವರ್’ (1947) ಚಿತ್ರದಲ್ಲಿ ಅವರು ಬ್ರೆಜಿಲಿನ ಅಮೆಜಾನ್ ಕಾಡಿನ ಮೂಲನಿವಾಸಿಯಾದರು. ‘ಮ್ಯಾನ್-ಈಟರ್ ಆಫ್ ಕುಮಾವೂನ್’ (1948) ಜಿಮ್ ಕಾರ್ಬೆಟ್ ಅವರ ಪ್ರಸಿದ್ಧ ಕೃತಿಯ ಹೆಸರನ್ನು ಬಳಸಿಕೊಂಡು, ಬೇರೆಯೇ ಕಥೆ ಹೇಳಿದ ಚಿತ್ರ. ‘ಸಾಂಗ್ ಆಫ್ ಇಂಡಿಯಾ’ (1949) ಭಾರತದ ಹೆಸರು ಹೊತ್ತಿದ್ದರೂ ಹಾಲಿವುಡ್‌ನಲ್ಲಿಯೇ ತಯಾರಾಯಿತು. ಈ ಚಿತ್ರದಲ್ಲಿ ಚಿಕ್ಕ ಪಾತ್ರ ವಹಿಸಿದ್ದ ಮರಿಲಿನ್ ಕೂಪರ್ ಅವರನ್ನು ಸಾಬು 1948ರ ಅಕ್ಟೋಬರಿನಲ್ಲಿ ವಿವಾಹವಾದರು. ದಂಪತಿಗೆ ಇಬ್ಬರು ಮಕ್ಕಳು. ಮಗ ಪಾಲ್ ಸಾಬು ಮುಂದೆ ರಾಕ್ ಸಂಗೀತಗಾರರಾದರು. ಮಗಳು ಜಾಸ್ಮಿನ್ ಸಾಬು ಕುದುರೆಗಳ ತರಬೇತುದಾರರಾಗಿ ಹೆಸರು ಗಳಿಸಿ 2001ರಲ್ಲಿ ನಿಧನರಾದರು.

1950ರ ದಶಕದಲ್ಲಿ ದೊಡ್ಡ ಸ್ಟುಡಿಯೋಗಳ ಕರೆ ನಿಂತಿತು. ಇಟಲಿಯಲ್ಲಿ ಕೆಲವು ಚಿತ್ರಗಳು, ಅಮೆರಿಕದಲ್ಲಿ ಅಗ್ಗದ ಕಾಡಿನ ಚಿತ್ರಗಳು ದೊರೆತವು. 1952ರಲ್ಲಿ ಲಂಡನ್ನಿನ ಹ್ಯಾರಿಂಗೆ ಸರ್ಕಸ್ಸಿನಲ್ಲಿ ಅವರು ಆನೆಗಳೊಂದಿಗೆ ಪ್ರದರ್ಶನ ನೀಡಿದರು. ಹದಿನೈದು ವರ್ಷಗಳ ಹಿಂದೆ ಆನೆಯ ಮೇಲೆ ಕುಳಿತು ಬಂದ ಹುಡುಗನನ್ನು ಕಂಡು ಮೆಚ್ಚಿದ್ದ ಅದೇ ನಗರದಲ್ಲಿ, ವಿವಾಹಿತನೂ ತಂದೆಯೂ ಆಗಿದ್ದ 28ರ ನಟ ಮತ್ತೆ ಆನೆಯನ್ನೇ ಏರಬೇಕಾಯಿತು.

ಕೈತಪ್ಪಿದ ‘ಮದರ್ ಇಂಡಿಯಾ’

ಭಾರತೀಯ ಚಿತ್ರರಂಗಕ್ಕೆ ಬರುವ ಒಂದು ದೊಡ್ಡ ಅವಕಾಶ ಸಾಬು ಅವರ ಕೈಗೆಟುಕಿ ತಪ್ಪಿಹೋಯಿತು. ನಿರ್ದೇಶಕ ಮೆಹಬೂಬ್ ಖಾನ್ ತಮ್ಮ ಮಹತ್ವಾಕಾಂಕ್ಷೆಯ ‘ಮದರ್ ಇಂಡಿಯಾ’ (1957) ಚಿತ್ರದಲ್ಲಿ ನರ್ಗಿಸ್ ಅವರ ಬಂಡುಕೋರ ಮಗ ಬಿರ್ಜುವಿನ ಪಾತ್ರಕ್ಕೆ ಸಾಬು ಅವರನ್ನು ಆರಿಸಿಕೊಂಡಿದ್ದರು. ಆದರೆ ಅಮೆರಿಕದ ಪೌರರಾಗಿದ್ದ ಸಾಬು ಅವರಿಗೆ ಭಾರತದಲ್ಲಿ ಕೆಲಸ ಮಾಡುವ ಪರವಾನಗಿ ದೊರೆಯಲಿಲ್ಲ. ಪಾತ್ರ ಸುನಿಲ್ ದತ್ ಅವರ ಪಾಲಾಯಿತು. ಚಿತ್ರ ಆಸ್ಕರ್ ಪ್ರಶಸ್ತಿಯ ಅತ್ಯುತ್ತಮ ವಿದೇಶಿ ಭಾಷಾ ಚಿತ್ರ ವಿಭಾಗಕ್ಕೆ ನಾಮನಿರ್ದೇಶನ ಪಡೆದ ಭಾರತದ ಮೊದಲ ಚಿತ್ರವೆನಿಸಿತು. ಸುನಿಲ್ ದತ್ ತಾರೆಯಾದರು.

ಬಿರ್ಜು ಆನೆ ಪಳಗಿಸುವ ಹುಡುಗನಲ್ಲ, ನಾಯಕನ ಸಹಾಯಕನೂ ಅಲ್ಲ. ಸಾಲಗಾರನ ಅನ್ಯಾಯಕ್ಕೆ ಸಿಡಿದೇಳುವ ರೈತ ಯುವಕ. ಸಾಬು ಅವರಿಗೆ ಹಾಲಿವುಡ್ ಎಂದೂ ಕೊಡದ ಬಗೆಯ ಪಾತ್ರವದು. ಅಮೆರಿಕದ ತೆರೆಯ ಮೇಲೆ ಅವರು ಕೊನೆಯವರೆಗೂ ಭಾರತದ ಹುಡುಗನಾಗಿಯೇ ಉಳಿದರು. ಭಾರತದ ಕಾಗದಪತ್ರಗಳಲ್ಲಿ ಆ ಹೊತ್ತಿಗೆ ವಿದೇಶಿಯಾಗಿದ್ದರು.

ಕೊನೆಯ ದಿನಗಳು

ಹಾಲಿವುಡ್ ಬೀದಿಯ ‘ವಾಕ್ ಆಫ್ ಫೇಮ್’ ಕಾಲುದಾರಿಯಲ್ಲಿ 1960ರಲ್ಲಿ ಸಾಬು ಅವರ ಹೆಸರಿನ ನಕ್ಷತ್ರ ಸ್ಥಾಪನೆಯಾಯಿತು. ಅದೇ ವರ್ಷ ಅಣ್ಣ ಶೇಖ್ ದಸ್ತಗೀರ್ ತಮ್ಮ ಪೀಠೋಪಕರಣ ಅಂಗಡಿಯಲ್ಲಿ ನಡೆದ ದರೋಡೆಯಲ್ಲಿ ಹತರಾದರು. ಕಾರಾಪುರದಿಂದ ಜೊತೆಗೇ ಬಂದಿದ್ದ ಏಕೈಕ ಬಂಧು ಅವರಾಗಿದ್ದರು.

1963ರಲ್ಲಿ ರಾಬರ್ಟ್ ಮಿಚಮ್ ಜೊತೆಗಿನ ‘ರ‍್ಯಾಂಪೇಜ್’ ಮತ್ತು ಡಿಸ್ನಿ ಸಂಸ್ಥೆಯ ‘ಎ ಟೈಗರ್ ವಾಕ್ಸ್’ ಚಿತ್ರಗಳಲ್ಲಿ ಪೋಷಕ ಪಾತ್ರಗಳು ದೊರೆತಾಗ ದೊಡ್ಡ ಸ್ಟುಡಿಯೋಗಳ ಬಾಗಿಲು ಮತ್ತೆ ತೆರೆಯುವ ಸೂಚನೆಯಿತ್ತು. ಆದರೆ 1963ರ ಡಿಸೆಂಬರ್ 2ರಂದು ಲಾಸ್ ಏಂಜಲೀಸ್ ನಗರದ ಚಾಟ್ಸ್‌ವರ್ತ್‌ನಲ್ಲಿ ಹೃದಯಾಘಾತದಿಂದ ಸಾಬು ಕೊನೆಯುಸಿರೆಳೆದರು. ನಲವತ್ತು ತುಂಬಲು ಇನ್ನೂ ಎರಡು ತಿಂಗಳಿಗೆ ಸ್ವಲ್ಪ ಕಡಿಮೆಯಿತ್ತು. ಹಾಲಿವುಡ್ ಹಿಲ್ಸ್‌ನ ಫಾರೆಸ್ಟ್ ಲಾನ್ ಸ್ಮಶಾನದಲ್ಲಿ ಅವರನ್ನು ಸಮಾಧಿ ಮಾಡಲಾಯಿತು. ‘ಎ ಟೈಗರ್ ವಾಕ್ಸ್’ ಅವರ ಮರಣಾನಂತರ 1964ರಲ್ಲಿ ಬಿಡುಗಡೆಯಾಯಿತು. ಅದರಲ್ಲಿ ಅವರದು ಸರ್ಕಸ್ ಹುಲಿಯ ಪಾಲಕನ ಪಾತ್ರ.

ನೆನಪು

ಅಮೆರಿಕದ ಗಾಯಕ ಜಾನ್ ಪ್ರೈನ್ 1978ರಲ್ಲಿ ‘ಸಾಬು ವಿಸಿಟ್ಸ್ ದಿ ಟ್ವಿನ್ ಸಿಟೀಸ್ ಅಲೋನ್’ ಎಂಬ ಗೀತೆಯನ್ನು ಹೊರತಂದರು. ಚಿತ್ರದ ಪ್ರಚಾರಕ್ಕಾಗಿ ಚಳಿಯ ನಾಡಿನ ಊರೂರು ಒಂಟಿಯಾಗಿ ಸುತ್ತುವ ಆನೆಯ ಹುಡುಗನನ್ನು ಅದು ಚಿತ್ರಿಸುತ್ತದೆ. ‘ದಿ ಥೀಫ್ ಆಫ್ ಬಾಗ್ದಾದ್’ ಮತ್ತು ‘ಬ್ಲ್ಯಾಕ್ ನಾರ್ಸಿಸಸ್’ ಚಿತ್ರಗಳನ್ನು ಜಗತ್ತಿನ ಸಿನಿಮಾ ವಿದ್ಯಾರ್ಥಿಗಳು ಇಂದಿಗೂ ಅಭ್ಯಾಸ ಮಾಡುತ್ತಾರೆ.

ಕಾರಾಪುರ ಇಂದು ನಾಗರಹೊಳೆ ಅರಣ್ಯವನ್ನು ಕಾಣಬಯಸುವ ಪ್ರವಾಸಿಗಳ ತಂಗುದಾಣ. ಬೇಸಿಗೆಯಲ್ಲಿ ಕಬಿನಿ ಹಿನ್ನೀರು ತಗ್ಗಿದಾಗ ಹುಲ್ಲು ಮೇಯಲು ನೂರಾರು ಕಾಡಾನೆಗಳು ದಂಡೆಗೆ ಇಳಿಯುತ್ತವೆ. ಅವುಗಳನ್ನು ನೋಡಲು ಬೆಂಗಳೂರಿನಿಂದ ವಾರಾಂತ್ಯಗಳಲ್ಲಿ ಸಾವಿರಾರು ಮಂದಿ ಹೋಗುತ್ತಾರೆ. ಪ್ರತಿ ವರ್ಷ ದಸರೆಗೆ ಮಾವುತರು ಮತ್ತು ಕಾವಾಡಿಗಳು ಮಕ್ಕಳು ಮರಿಯೊಂದಿಗೆ ಆನೆ ಶಿಬಿರಗಳಿಂದ ಮೈಸೂರು ಅರಮನೆಯ ಆವರಣಕ್ಕೆ ಬಂದು ವಾರಗಟ್ಟಲೆ ತಂಗುತ್ತಾರೆ. ಅಲ್ಲಿ ಆನೆಯ ಸೊಂಡಿಲಿಗೆ ಕೈಚಾಚಿ ಆಡುವ ಮಕ್ಕಳನ್ನು ಕಂಡವರಿಗೆ, 1935ರಲ್ಲಿ ಕ್ಯಾಮೆರಾದ ಕಣ್ಣಿಗೆ ಬಿದ್ದ ಬಾಲಕ ಹೇಗಿದ್ದಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಪ್ರಮುಖ ಚಿತ್ರಗಳು

ಎಲಿಫೆಂಟ್ ಬಾಯ್ (1937)
ದಿ ಡ್ರಮ್ (1938)
ದಿ ಥೀಫ್ ಆಫ್ ಬಾಗ್ದಾದ್ (1940)
ಜಂಗಲ್ ಬುಕ್ (1942)
ಅರೇಬಿಯನ್ ನೈಟ್ಸ್ (1942)
ವೈಟ್ ಸ್ಯಾವೇಜ್ (1943)
ಕೋಬ್ರಾ ವುಮನ್ (1944)
ಟ್ಯಾಂಜಿಯರ್ (1946)
ಬ್ಲ್ಯಾಕ್ ನಾರ್ಸಿಸಸ್ (1947)
ದಿ ಎಂಡ್ ಆಫ್ ದಿ ರಿವರ್ (1947)
ಮ್ಯಾನ್-ಈಟರ್ ಆಫ್ ಕುಮಾವೂನ್ (1948)
ಸಾಂಗ್ ಆಫ್ ಇಂಡಿಯಾ (1949)
ರ‍್ಯಾಂಪೇಜ್ (1963)
ಎ ಟೈಗರ್ ವಾಕ್ಸ್ (1964)